ಕಂಡಕ್ಟರನ ಕೈಗೆ ಬಂದ ಮಷಿನ್ನು

ರಾಯಚೂರಿನಿಂದ ದೇವದುರ್ಗದ ಬಸ್ಸು ಬಿಟ್ಟಿತೆಂದರೆ, ಗಬ್ಬೂರು ಬರುವುದರೊಳಗೆ ಟಿಕೆಟ್ ಮುಗಿಸುವ ಗಡಿಬಿಡಿ ಕಂಡಕ್ಟರನಿಗೆ. ಒಂದು ಕಾಲಕ್ಕೆ ಬಣ್ಣಬಣ್ಣದ ಟಿಕೆಟ್ ಕಟ್ಟು, ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಪಂಚು. ಟಕ್ ಟಕ್ ಸದ್ದಿಗೆ ತೂಕಡಿಸುವವರೂ ಜೇಬಿಗೆ ಕೈ ಹಾಕುತ್ತಿದ್ದರು. ಸ್ಟೇಜು ಬಂದಾಗ ಕಟ್ಟಿನ ನಂಬರನ್ನು ವೇ-ಬಿಲ್ಲಿನಲ್ಲಿ ಬರೆಯಬೇಕು, ಡಿಪೋದಲ್ಲಿ ಮತ್ತೆ ಕೂಡಿ ಕಳೆಯಬೇಕು. ಕಡಿಮೆ ಬಿದ್ದರೆ ತನ್ನ ಜೇಬಿನಿಂದಲೇ ತುಂಬಬೇಕು.

ಆಮೇಲೆ ಬಂತು ಟಿಕೆಟ್ ಮಷಿನ್ನು. ಹತ್ತಿದ ಸ್ಟೇಜು, ಇಳಿಯುವ ಸ್ಟೇಜು, ಮಂದಿ ಎಷ್ಟು ಅಂತ ಗುಂಡಿ ಒತ್ತಿದರೆ ಸಾಕು, ದರ ತಾನೇ ಹಾಕಿ ಚೀಟಿ ಕೊಡುತ್ತದೆ. ಹಳಬರಿಗೆ ಮಾತ್ರ ಎದೆಯೊಳಗೆ ಎರಡು ಅಳುಕು. 'ಇದು ಕೈಕೊಟ್ರ ಯಾರು ಹೊಣೆ?' 'ಇಷ್ಟು ವರ್ಷ ಕಲಿತದ್ದು ಯಾತಕ್ಕ ಬಂತು?' ಎರಡೂ ನಕ್ಕು ಬಿಡುವಂಥವಲ್ಲ.

ಇಲ್ಲೇ ಮಂದಿ ಎರಡು ತರಹ ಆಗುತ್ತಾರೆ. ಒಬ್ಬ ಮುಖ ಗಂಟು ಹಾಕಿಕೊಂಡು, ಹೇಳಿಕೊಟ್ಟ ನಾಲ್ಕು ಗುಂಡಿ ಬಿಟ್ಟು ಐದನೆಯದನ್ನು ಮುಟ್ಟುವುದಿಲ್ಲ. ಇನ್ನೊಬ್ಬ ಡಿಪೋದ ಎಳೆಯ ಹುಡುಗನನ್ನೇ ಹಿಡಿದು ಕೂರಿಸುತ್ತಾನೆ: 'ತಮ್ಮಾ, ತಪ್ಪು ಸ್ಟೇಜು ಒತ್ತಿದ್ರ ಹ್ಯಾಂಗ? ನಡುದಾರ್ಯಾಗ ಚಾರ್ಜು ಹೋದ್ರ ಲೆಕ್ಕ ಉಳಿತೈತೇನು?' ಇಂಥ ಪ್ರಶ್ನೆ ಹುಟ್ಟುವುದು ಹಳೇ ಅನುಭವದಿಂದಲೇ. ಕಲಿತದ್ದು ವ್ಯರ್ಥವಾಗಲಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಯಿತು. ದುಡ್ಡಿಲ್ಲವೆಂದು ಚೀಟಿ ಬಿಡುವಂತಿಲ್ಲ. ಶೂನ್ಯ ಟಿಕೆಟ್ ಕೊಡಲೇಬೇಕು. ಆ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತುಂಬಿಕೊಡಬೇಕು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಆಧಾರ್ ನೋಡಿ, ಊರು ಕೇಳಿ, ಚೀಟಿ ಹರಿದು ಕೊಡುವಾಗ ಗುಂಡಿಗಳ ಮರ್ಮ ತಿಳಿದವನೇ ಗೆದ್ದ.

ಹಾಗಂತ ಮಷಿನ್ನಿಗೆ ಎಲ್ಲಾ ಗೊತ್ತೇ? ಮಾನ್ವಿ ಬಸ್ಸು ಹತ್ತಿ ನೋಡಿ. ಕಲ್ಲೂರಿನ ನೂಕುನುಗ್ಗಲಿನಲ್ಲಿ ಟಿಕೆಟ್ ತಗೊಳ್ಳದೆ ಒಳಗೆ ಸೇರಿದವರು ಯಾರು, ಮಾನ್ವಿ ಬಂದರೂ ಏಳದೆ ಗೊರಕೆ ಹೊಡೆಯುವ ಅಜ್ಜ ಯಾರು, ಅದು ಕಂಡಕ್ಟರನ ಕಣ್ಣಿಗೇ ಗೊತ್ತು.

ಭಾರವೆಲ್ಲ ಅವನೊಬ್ಬನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಕೇಳುವ ಮನಸ್ಸು ಅವನಿಗಿದ್ದರೆ, ತಾಳ್ಮೆಯಿಂದ ಹೇಳಿಕೊಡುವವರು ಬೇಕು. ಮಷಿನ್ ಕೆಟ್ಟರೆ ಬದಲಿಯೂ ಬೇಕು.

ಗಲ್ಲಾದ ಮುಂದೆ ಕ್ಯೂಆರ್ ಹಾಳೆ ಅಂಟಿಸಿಕೊಂಡ ಅಂಗಡಿಯವರಿಗೂ ಇದೇ ಮಾತು. ದುಡ್ಡು ಬಂತೋ ಇಲ್ಲವೋ ಎಂದು ದಿನಾ ಮಗನ ಮುಖ ನೋಡುವ ಬದಲು, 'ಎಲ್ಲಿ ಕಾಣ್ತೈತಿ, ತೋರ್ಸಪಾ' ಅಂತ ಒಮ್ಮೆ ಕೇಳಿದರೆ ಗಂಟೇನು ಹೋಗುತ್ತದೆ?