ಲಕ್ಷದ್ವೀಪಕ್ಕೆ ಹೊರಟವರಿಗೆ: ತಿನ್ನುವುದೇನು, ಕುಡಿಯುವುದೇನು, ಕಡಲಿಗೆ ಇಳಿಯುವುದು ಹೇಗೆ?

ಮಂಗಳೂರಿನ ಹಳೆ ಬಂದರಿನಲ್ಲಿ ಮಂಜಿಗಳಿಗೆ ಅಕ್ಕಿ, ನೀರುಳ್ಳಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಸುವುದನ್ನು ನೋಡಿದವರಿಗೆ ಲಕ್ಷದ್ವೀಪ ಹೊಸ ಹೆಸರಲ್ಲ. ಬಂದರಿನ ಅದೆಷ್ಟೋ ಅಂಗಡಿಗಳ ಲೆಕ್ಕಪುಸ್ತಕದಲ್ಲಿ ದ್ವೀಪದ ಗಿರಾಕಿಗಳ ಹೆಸರಿದೆ. ಆದರೆ 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿಗೆ ಹೋಗಿ ಬಂದ ಫೋಟೊಗಳು ಹರಿದಾಡಿದ ಮೇಲೆ, ನಮ್ಮ ಹುಡುಗರ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ 'ಗೋವಾ ಸಾಕು, ಈ ಸಲ ಲಕ್ಷದ್ವೀಪ' ಎಂಬ ಮಾತು ಜೋರಾಗಿದೆ. ಹೋಗಬಹುದು, ಖಂಡಿತ ಹೋಗಬೇಕು. ಆದರೆ ಗೋವಾಕ್ಕೆ ಹೊರಟ ಹಾಗೆ ಬ್ಯಾಗ್ ಹಾಕಿಕೊಂಡು ಹೊರಟರೆ ಆಗುವುದಿಲ್ಲ.

ಮೊದಲು ಒಂದು ಹಳೇ ಸಂಬಂಧ. 1787ರಲ್ಲಿ ಅಮಿನಿ ಗುಂಪಿನ ದ್ವೀಪಗಳು ಕಣ್ಣೂರಿನ ಅರಕ್ಕಲ್ ಬೀವಿಯ ಕೈಯಿಂದ ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರ ನಂತರ ಬ್ರಿಟಿಷರು ಅವನ್ನು ಕೆನರಾಕ್ಕೆ ಸೇರಿಸಿದರು. ಹಾಗಾಗಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಕಾಸರಗೋಡು ಸೇರಿದ್ದ ಹಾಗೆಯೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಅದೇ ದಿನ ಈ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಅಲ್ಲಿನವರು ಆಡುವ ಜೆಸರಿ ಮಲಯಾಳದ ಒಂದು ಬಗೆ. ಬ್ಯಾರಿ ಮಾತಾಡುವವರು ಎರಡು ದಿನ ಕಿವಿಗೊಟ್ಟರೆ ಸಾಕು, ಅರ್ಧ ತಿಳಿಯುತ್ತದೆ. ಮಿನಿಕಾಯ್‌ನಲ್ಲಿ ಮಾತ್ರ ಈ ಲೆಕ್ಕ ನಡೆಯದು. ಅಲ್ಲಿನದು ಮಾಲ್ದೀವ್ಸಿನ ಧಿವೆಹಿಗೆ ಸೇರಿದ ಮಹಲ್ ಭಾಷೆ.

ಪರವಾನಗಿ ಯಾಕೆ ಬೇಕು ಎಂದು ಹಲವರು ಕೇಳುತ್ತಾರೆ. ನಮ್ಮದೇ ದೇಶ ಅಲ್ಲವೇ? ಹೌದು. ಆದರೆ ಒಟ್ಟು 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ ಮಾತ್ರ. ಎಲ್ಲ ಸೇರಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್, 2011ರ ಜನಗಣತಿಯಂತೆ ಜನ 64 ಸಾವಿರ ಚಿಲ್ಲರೆ. ಮೂಲನಿವಾಸಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರ ನೆಲ, ನೀರು ಕೈತಪ್ಪಬಾರದು ಎಂದೇ 1967ರಲ್ಲಿ ಪ್ರವೇಶ ನಿರ್ಬಂಧದ ನಿಯಮ ಬಂತು. ಆದ್ದರಿಂದ ಪರವಾನಗಿ ಕೈಗೆ ಬರುವ ಮೊದಲು ಟಿಕೆಟ್ ಮಾಡಿಸಿ ದುಡ್ಡು ಕಳಕೊಳ್ಳಬೇಡಿ. ಆಡಳಿತದ ಪ್ರವಾಸೋದ್ಯಮ ಸಂಸ್ಥೆ 'ಸ್ಪೋರ್ಟ್ಸ್'ನ ಪ್ಯಾಕೇಜ್ ಆದರೆ ಈ ಕೆಲಸ ಹಗುರ. ಅದರ 'ಸಮುದ್ರಂ' ಪ್ರವಾಸದಲ್ಲಿ ರಾತ್ರಿ ಮಲಗುವುದು ಹಡಗಿನಲ್ಲಿ, ಹಗಲು ದ್ವೀಪ ಸುತ್ತುವುದು. ಏಜೆಂಟರ ಮೂಲಕ ಹೋಗುವುದಾದರೆ ಪರವಾನಗಿ ಯಾರ ಹೆಸರಿನಲ್ಲಿ, ಯಾವ ದ್ವೀಪಕ್ಕೆ, ಎಷ್ಟು ದಿನಕ್ಕೆ ಎಂಬುದನ್ನು ಕಾಗದದಲ್ಲೇ ನೋಡಿಕೊಂಡು ಆಮೇಲೆ ಹಣ ಕೊಡುವುದು ವ್ಯಾಪಾರದ ಸಾಮಾನ್ಯ ಬುದ್ಧಿ.

ಕೊಚ್ಚಿಯಿಂದ ಅಗತ್ತಿಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಹಡಗಾದರೆ ದ್ವೀಪ ನೋಡಿಕೊಂಡು 14ರಿಂದ 18 ಗಂಟೆ. 2024ರ ಮೇ ತಿಂಗಳಲ್ಲಿ 'ಪರಲಿ' ಎಂಬ ವೇಗದ ಹಡಗು ಪ್ರವಾಸಿಗರನ್ನು ಹೊತ್ತು ಮಂಗಳೂರು ಹಳೆ ಬಂದರಿಗೆ ಬಂದಾಗ ಬಂದರಿನವರಿಗೆ ಹಬ್ಬವೇ ಆಗಿತ್ತು. ಆದರೂ ಹೊರಡುವ ಮೊದಲು ಲೆಕ್ಕ ಹಾಕಬೇಕಾದದ್ದು ಕೊಚ್ಚಿಯ ದಾರಿಯನ್ನೇ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲದ ಕಡಲು. ಆಗ ಹೋಗಿ ಕೋಣೆಯಲ್ಲಿ ಕೂತುಕೊಳ್ಳುವುದಕ್ಕಿಂತ ಮನೆಯಲ್ಲೇ ಇರುವುದು ವಾಸಿ.

ಇನ್ನು ಊಟ. ದ್ವೀಪದ್ದೇ ಆದದ್ದು ಮುಖ್ಯವಾಗಿ ಎರಡು, ಮೀನು ಮತ್ತು ತೆಂಗು. ಉಳಿದ ಅಕ್ಕಿ, ಬೇಳೆ, ಟೊಮೆಟೊ, ಕೋಳಿ ಎಲ್ಲ ಹಡಗಿನಲ್ಲೋ ಮಂಜಿಯಲ್ಲೋ ಬರಬೇಕು. ಬಾಡಿಗೆ, ಇಳಿಸುವ ಕೂಲಿ, ಕೊಳೆತು ಹೋದದ್ದರ ನಷ್ಟ ಎಲ್ಲ ಸೇರಿಯೇ ಬೆಲೆ ಆಗುವುದು. ಹಾಗಾಗಿ ಅಲ್ಲಿ ಹೋಗಿ ಪನೀರು, ಬರ್ಗರು ಹುಡುಕಿದರೆ ಜೇಬಿಗೂ ನಷ್ಟ, ನಾಲಗೆಗೂ ನಷ್ಟ. ಅಲ್ಲಿದ್ದದ್ದನ್ನು ತಿನ್ನಬೇಕು.

ಇದ್ದದ್ದು ಟ್ಯೂನಾ. ಕೇರಳದ ಕಡೆಯ ಚೂರ. ಬೆಳಿಗ್ಗೆ ಹೋದ ದೋಣಿ ಮಧ್ಯಾಹ್ನ ಬಂದ ಮೇಲೆ ಮಾಡಿದ ಸಾರಿನ ರುಚಿ ಐಸ್ ಪೆಟ್ಟಿಗೆಯ ಮೀನಿಗೆ ಬಾರದು. ಅದಕ್ಕಿಂತ ವಿಶೇಷ 'ಮಾಸ್'. ಟ್ಯೂನಾ ಸೀಳಿ, ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಲ್ಲಿ ಒಣಗಿಸಿದರೆ ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಮಳೆಗಾಲ ದಾಟಿಸಿದ್ದೇ ಇದು. ಅದನ್ನು ಕುಟ್ಟಿ ತೆಂಗಿನತುರಿ, ಸಣ್ಣ ನೀರುಳ್ಳಿ, ಬೆಳ್ಳುಳ್ಳಿ, ಅರಸಿನ ಹಾಕಿ ಮಾಡುವ 'ಮಾಸ್ ಪೊಡಿಚ್ಚದ್' ಒಂದಿದ್ದರೆ ಗಂಜಿಗೆ ಬೇರೇನೂ ಬೇಡ. ನಮ್ಮ ಕಡೆಯ ಒಣಮೀನಿನ ಚಟ್ನಿ ಪ್ರಿಯರಿಗೆ ಇದು ಮೊದಲ ತುತ್ತಿಗೇ ಹಿಡಿಸುತ್ತದೆ.

'ಅಪ್ಪಲ್' ಎಂದರೆ ಆಕ್ಟೋಪಸ್. ಬೊಂಡಾಸ್ ತಿಂದು ಅಭ್ಯಾಸ ಇದ್ದವರಿಗೆ ಹೆದರಿಕೆ ಬೇಡ, ಸ್ವಲ್ಪ ಜಾಸ್ತಿ ಅಗಿಯಬೇಕು ಅಷ್ಟೇ. ಸಿಹಿಯಲ್ಲಿ ಕಿಲಾಂಜಿ ಬಿಡಬಾರದು. ಅಕ್ಕಿ ಮತ್ತು ಮೊಟ್ಟೆಯ ಹಿಟ್ಟಿನಿಂದ ಬಟ್ಟೆಯಷ್ಟು ತೆಳ್ಳಗೆ ಹುಯ್ದ ದೋಸೆ, ಅದರ ಮೇಲೆ ತೆಂಗಿನಹಾಲು, ಬೆಲ್ಲ, ಬಾಳೆಹಣ್ಣು. ಮದುವೆ, ಹಬ್ಬಗಳ ತಿಂಡಿ ಇದು. ಎಲ್ಲ ಹೋಟೆಲುಗಳಲ್ಲಿ ದಿನಾ ಸಿಗುವುದಿಲ್ಲ, ಹಿಂದಿನ ದಿನವೇ ಹೇಳಿಟ್ಟರೆ ಮಾಡಿಕೊಡುವ ಮನೆಗಳಿವೆ. ಊಟದ ವಿಷಯದಲ್ಲಿ ಈ ಮಾತು ಎಲ್ಲಕ್ಕೂ ಸಲ್ಲುತ್ತದೆ. ಹೋಟೆಲುಗಳು ಕಡಿಮೆ, ಇದ್ದವೂ ಸಣ್ಣವು. ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ಮೊದಲೇ ತಿಳಿಸದೆ ಹದಿನೈದು ಜನ ಒಟ್ಟಿಗೆ ಬಂದು ಕೂತರೆ ಅವರಾದರೂ ಏನು ಮಾಡಿಯಾರು? ಜುಮಾ ಹೊತ್ತಿಗೆ ಅಂಗಡಿ ಮುಚ್ಚುವುದನ್ನು ಮಾತ್ರ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕುಡಿಯುವುದಕ್ಕೆ ಬೊಂಡ ಇದೆ, ಕಟ್ಟ ಚಾ ಇದೆ. ತೆಂಗಿನ ಹೊಂಬಾಳೆಯಿಂದ ಇಳಿಸಿದ, ಹುಳಿಯಾಗದ ಸಿಹಿ ರಸಕ್ಕೆ ಅಲ್ಲಿ 'ಮೀರಾ' ಎನ್ನುತ್ತಾರೆ. ಇಳಿಸಿದ ಕೂಡಲೇ ಕುಡಿಯಬೇಕು. ಕಾಯಿಸಿದರೆ ಬೆಲ್ಲದ ಪಾಕ, 'ಚಕ್ಕರ'. ಬಿಟ್ಟು ಹುಳಿಯಾದರೆ ಸುರ್ಕ. ಮದ್ಯ ಜನವಸತಿಯ ದ್ವೀಪಗಳಲ್ಲಿ ನಿಷಿದ್ಧ. ಜನವಸತಿ ಇಲ್ಲದ ಬಂಗಾರಂನ ರೆಸಾರ್ಟಿಗೆ ಮಾತ್ರ ವಿನಾಯಿತಿ ಇದ್ದದ್ದು. 2021ರಲ್ಲಿ ಪ್ರವಾಸೋದ್ಯಮದ ಹೆಸರಿನಲ್ಲಿ ಮದ್ಯಕ್ಕೆ ಅವಕಾಶ ಮತ್ತು ಭೂಮಿ ಅಭಿವೃದ್ಧಿಯ ಕರಡು ನಿಯಮಗಳ ಸುದ್ದಿ ಬಂದಾಗ ದ್ವೀಪದ ಜನ ಮನೆ ಮನೆಯಲ್ಲೂ ಪ್ರತಿಭಟಿಸಿದ್ದರು.

ಆದರೆ ದ್ವೀಪದಲ್ಲಿ ನಿಜವಾಗಿ ದುಬಾರಿ ಪಾನೀಯ ಎಂದರೆ ಬರೀ ನೀರು. ಅಲ್ಲಿ ನದಿ ಇಲ್ಲ, ತೊರೆ ಇಲ್ಲ. ಹವಳದ ಮರಳಿನೊಳಗೆ ಇಳಿದ ಮಳೆನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ, ಅದೇ ಕಾರಣ. ಬಾವಿಯಿಂದ ಹದ ಮೀರಿ ಪಂಪ್ ಮಾಡಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಸುಧಾರಿಸಲು ಎಷ್ಟೋ ಮಳೆ ಬೇಕು. ಇದಕ್ಕಾಗಿ 2005ರಲ್ಲಿ ಕವರತ್ತಿಯಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ದಿನಕ್ಕೆ 1 ಲಕ್ಷ ಲೀಟರ್ ಕುಡಿಯುವ ನೀರು ಕೊಡುವ ಘಟಕ ಕಟ್ಟಿತು. ಕಡಲ ಮೇಲ್ಮೈಯ ಬೆಚ್ಚಗಿನ ನೀರನ್ನು ಗಾಳಿಯ ಒತ್ತಡ ತಗ್ಗಿಸಿದ ಕೋಣೆಗೆ ಬಿಟ್ಟರೆ ಒಲೆಯೇ ಇಲ್ಲದೆ ಅದರ ಒಂದಂಶ ಆವಿಯಾಗುತ್ತದೆ. ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣನೆ ನೀರಿನ ಕೊಳವೆಗೆ ಆ ಆವಿ ತಾಗಿ ಸಿಹಿನೀರಾಗುತ್ತದೆ. 2011ರಲ್ಲಿ ಮಿನಿಕಾಯ್ ಮತ್ತು ಅಗತ್ತಿಗೂ ಇಂಥ ಘಟಕ ಬಂತು. ಬಂದವರು ದಿನಕ್ಕೆ ಮೂರು ಸಲ ಶವರ್ ಕೆಳಗೆ ನಿಂತರೆ ಅದು ಯಾರ ಪಾಲಿನ ನೀರು ಎಂದು ಲೆಕ್ಕ ಮಾಡುವುದು ಕಷ್ಟವಲ್ಲ.

ಈಗ ಕಡಲಾಟ. ಹೆಚ್ಚಿನ ದ್ವೀಪಗಳಿಗೆ ಎರಡು ಮುಖ. ಒಂದು ಬದಿ ಹವಳದ ಗೋಡೆಯೊಳಗೆ ನಿಂತ ತಿಳಿನೀರಿನ ಲಗೂನ್, ಇನ್ನೊಂದು ಬದಿ ತೆರೆದ ಕಡಲು. ಈಜು, ಕಯಾಕಿಂಗ್, ಸ್ನಾರ್ಕೆಲಿಂಗ್ ಎಲ್ಲ ಲಗೂನಿನ ಬದಿಯಲ್ಲೇ ಆಗಬೇಕು. ಉಳ್ಳಾಲ, ಪಣಂಬೂರಿನ ಕಡಲಲ್ಲಿ ಈಜಿದ ಧೈರ್ಯ ಅಲ್ಲಿನ ಹೊರಬದಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಹವಳದ ಅಂಚು ಮುಗಿದ ಕೂಡಲೇ ಆಳ.

ಡೈವಿಂಗಿಗೆ ಕಡಮತ್ ಮತ್ತು ಬಂಗಾರಂ ಹೆಸರುವಾಸಿ. ವಿಸ್ತಾರವಾದ ಲಗೂನ್, ಕಯಾಕ್ ಬೇಕಾದವರಿಗೆ ಕಲ್ಪೇನಿ. ಅಗತ್ತಿಯ ನೀರಿನಲ್ಲಿ ಕಡಲಹುಲ್ಲು ಮೇಯುವ ಹಸಿರು ಆಮೆಗಳು ದೋಣಿಯ ಪಕ್ಕದಲ್ಲೇ ತಲೆ ಎತ್ತುತ್ತವೆ. ಕವರತ್ತಿಯಲ್ಲಿ ಗಾಜಿನ ತಳದ ದೋಣಿ ಇದೆ, ನೀರಿಗೆ ಹೆದರುವ ಉಮ್ಮಂದಿರಿಗೂ ಹಿರಿಯರಿಗೂ ಅದೇ ಒಳ್ಳೆಯದು. ಅಲ್ಲಿನ ಉಜ್ರಾ ಮಸೀದಿಯ ಮರದ ಕೆತ್ತನೆಯ ಮಾಳಿಗೆ ನೋಡದೆ ಬರಬೇಡಿ. ಮಿನಿಕಾಯ್‌ನಲ್ಲಿ 1885ರ ದೀಪಸ್ತಂಭ ಹತ್ತಿದರೆ ಅರ್ಧಚಂದ್ರದ ಹಾಗೆ ಬಾಗಿದ ಇಡೀ ದ್ವೀಪ ಕಾಣುತ್ತದೆ.

ಡೈವಿಂಗ್ ಬಗ್ಗೆ ಒಂದು ವಿಷಯ ಯುವಕರು ಗಂಭೀರವಾಗಿ ಕೇಳಬೇಕು. ಆಳದಲ್ಲಿ ಉಸಿರಾಡಿದಾಗ ಒತ್ತಡಕ್ಕೆ ರಕ್ತದಲ್ಲಿ ನೈಟ್ರೋಜನ್ ಕರಗಿಕೊಳ್ಳುತ್ತದೆ. ನಿಧಾನಕ್ಕೆ ಮೇಲೆ ಬಂದರೆ ಉಸಿರಿನಲ್ಲೇ ಹೊರಹೋಗುತ್ತದೆ. ಗಡಿಬಿಡಿಯಲ್ಲಿ ಬಂದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತದೆ. ಡೈವ್ ಮಾಡಿ ಕೂಡಲೇ ವಿಮಾನ ಹತ್ತಿದರೂ ಅದೇ ಅಪಾಯ. ಕನಿಷ್ಠ 18 ಗಂಟೆ ಬಿಡುವುದು ಸುರಕ್ಷಿತ. ಕೊನೆಯ ದಿನ ಬೆಳಿಗ್ಗೆ ಡೈವ್, ಮಧ್ಯಾಹ್ನ ಅಗತ್ತಿಯಿಂದ ಫ್ಲೈಟ್ ಎಂದು ಯಾರಾದರೂ ಪ್ಲಾನ್ ಮಾಡಿದ್ದರೆ ಈಗಲೇ ಬದಲಾಯಿಸಿ. ಅಸ್ತಮಾ, ಕಿವಿನೋವು ಇದ್ದರೆ ಮುಚ್ಚಿಡಬೇಡಿ. ದೊಡ್ಡ ಚಿಕಿತ್ಸೆ ಬೇಕಾದರೆ ಅಲ್ಲಿಂದ ಕೊಚ್ಚಿಗೇ ಸಾಗಿಸಬೇಕು.

ಹವಳದ ಮೇಲೆ ನಿಂತು ಸೆಲ್ಫಿ ತೆಗೆಯುವವರಿಗೂ ಒಂದು ಮಾತು. ಹವಳ ಕಲ್ಲಲ್ಲ, ಜೀವಿ. 1998, 2010, 2016, 2024ರಲ್ಲಿ ಕಡಲು ಹದ ಮೀರಿ ಬಿಸಿಯಾಗಿ ಅಲ್ಲಿನ ಹವಳಗಳು ಬಿಳಿಚಿಕೊಂಡವು, ತುಂಬಾ ಸತ್ತೂ ಹೋದವು. ಇದು ಬರೀ ಚಂದದ ಪ್ರಶ್ನೆ ಅಲ್ಲ. ದ್ವೀಪದವರು ಟ್ಯೂನಾ ಹಿಡಿಯುವುದು ಬಲೆಯಿಂದಲ್ಲ, ಗಾಳದ ಕೋಲಿನಿಂದ. ಜೀವಂತ ಸಣ್ಣ ಮೀನು ಎರಚಿ ಟ್ಯೂನಾ ಹಿಂಡನ್ನು ದೋಣಿಯ ಹತ್ತಿರ ಸೆಳೆದು, ಒಂದೊಂದನ್ನೇ ಎತ್ತಿ ಹಾಕುತ್ತಾರೆ. ಆ ಸಣ್ಣ ಮೀನು ಇರುವುದು ಲಗೂನಿನ ಹವಳದ ಸಂದುಗಳಲ್ಲಿ. ಹವಳ ಹೋದರೆ ಎರೆ ಹೋಯಿತು, ಎರೆ ಹೋದರೆ ಚೂರ ಹೋಯಿತು. ಪ್ರವಾಸಿಯ ಒಂದು ಹೆಜ್ಜೆಗೆ ಮುರಿಯುವುದು ಮೀನುಗಾರನ ಬಂಡವಾಳ.

ಕೈಯಲ್ಲಿ ಸ್ವಲ್ಪ ನಗದು ಇರಲಿ. 2024ರಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಬಂದು ನೆಟ್ ಸುಧಾರಿಸಿದೆ, ಆದರೂ ಪೂರ್ತಿ ಫೋನನ್ನೇ ನಂಬಿ ಹೋಗಬೇಡಿ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ತಂದವರು ವಾಪಸ್ ತರಬೇಕು, ಅಲ್ಲಿ ಹೂಳಲು ಜಾಗ ಇಲ್ಲ. ಹವಳದ ತುಂಡು ಬ್ಯಾಗಿಗೆ ಹಾಕುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಚೆಂದ ಕಂಡಿತು ಎಂದರೆ ಯಾರೂ ಬಿಡುವುದಿಲ್ಲ. ಊರಿಗೆ ತರುವುದಾದರೆ ಚಕ್ಕರ ತನ್ನಿ, ತೆಂಗು-ಬೆಲ್ಲದ ದ್ವೀಪದುಂಡೆ ತನ್ನಿ, ಮಾಸ್ ತನ್ನಿ. ಮಾಸನ್ನು ಮಾತ್ರ ಎರಡು ಸುತ್ತು ಗಟ್ಟಿಯಾಗಿ ಕಟ್ಟಿಸಿಕೊಳ್ಳಿ. ಇಲ್ಲದಿದ್ದರೆ ಕೊಚ್ಚಿ ಮುಟ್ಟುವ ಮೊದಲೇ ಬ್ಯಾಗಿನಲ್ಲಿ ಏನಿದೆ ಎಂದು ಹಡಗಿಗೆಲ್ಲ ಗೊತ್ತಾಗಿರುತ್ತದೆ.