ಪೇಟೆಯ ಬೀದಿಯೂ ಪೌರಸಭೆಯ ಕರ್ತವ್ಯವೂ

ಹಬ್ಬದ ಮುನ್ನಾದಿನ ಪೇಟೆಗೆ ಹೋಗಿಬರುವುದೆಂದರೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಯಾತ್ರೆಯೇ ಸರಿ. ಜವಳಿಯ ಅಂಗಡಿ, ಬಳೆಯ ಮಳಿಗೆ, ಹೂವಿನ ಬುಟ್ಟಿ, ಪರಿಚಯದ ಸೆಟ್ಟರ ಕುಶಲಪ್ರಶ್ನೆ, ಇವೆಲ್ಲವೂ ಸೇರಿದರೇ ಪೇಟೆ. ಈಗಲಾದರೋ ಮನೆಯಲ್ಲಿ ಕುಳಿತೇ ಬೇಕಾದುದನ್ನು ತರಿಸಿಕೊಳ್ಳುವ ಕಾಲ ಬಂದಿದೆ. ಇಂಥಲ್ಲಿ ಹಳೆಯ ಪೇಟೆಗಳು ಬಾಳಬೇಕಾದರೆ ವ್ಯಾಪಾರಿಯ ಜಾಣ್ಮೆಯೊಂದೇ ಸಾಲದು. ಊರನ್ನಾಳುವ ಪೌರಸಭೆಯ ಕೈಯೂ ಕೂಡಿಬರಬೇಕು. ಬೆಂಗಳೂರಿನ ನಿದರ್ಶನದಿಂದ ಈ ವಿಷಯವನ್ನು ಕೊಂಚ ವಿಚಾರಿಸೋಣ.

ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿದ ಊರು ಪೇಟೆಗಳಿಂದಲೇ ಆದುದು. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಹೀಗೆ ಹೆಸರೇ ಕಸಬನ್ನು ಹೇಳುತ್ತದೆ. 1862ರಲ್ಲಿ ಇಲ್ಲಿ ಪೌರಸಭೆ ಏರ್ಪಟ್ಟಿತು. 1898ರ ಪ್ಲೇಗು ಇಕ್ಕಟ್ಟಾದ ಓಣಿಗಳಲ್ಲಿ ಹಬ್ಬಿದಾಗ, ಚರಂಡಿ, ನೀರು, ಗಾಳಿಬೆಳಕುಗಳಿಲ್ಲದ ಪೇಟೆಯಲ್ಲಿ ವ್ಯಾಪಾರವೂ ನಿಲ್ಲದೆಂಬುದು ಎಲ್ಲರಿಗೂ ಮನದಟ್ಟಾಯಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳು ಹೊತ್ತಿದುವು. ದೀಪವಿರುವ ಬೀದಿಯಲ್ಲಿ ಸಂಜೆಯ ಮೇಲೂ ಗಿರಾಕಿಯು ನಿರ್ಭಯವಾಗಿ ನಡೆದಾಡಬಲ್ಲನಷ್ಟೆ! ಪೌರಸಭೆಯು ವ್ಯಾಪಾರಕ್ಕೆ ಮಾಡುವ ಸಹಾಯವೆಂದರೆ ಮೊದಲಿಗೆ ಇಂಥದೇ. ದುಡ್ಡು ಕೊಡುವುದಕ್ಕಿಂತ ಮುಂಚೆ ದಾರಿ, ದೀಪ, ನೀರು, ಚರಂಡಿಗಳನ್ನು ಕೊಡಬೇಕು.

ಕಟ್ಟಿಕೊಡುವುದಷ್ಟರಿಂದಲೇ ಕೆಲಸ ಮುಗಿಯದು. ದಂಡಿನ ಪ್ರದೇಶದಲ್ಲಿ 1927ರಲ್ಲಿ ಎದ್ದ ರಸೆಲ್ ಮಾರುಕಟ್ಟೆಯ ಕಟ್ಟಡ ಇಂದಿಗೂ ನೋಡಲು ಸೊಗಸು. ಆದರೆ 2012ರ ಫೆಬ್ರವರಿಯಲ್ಲಿ ಅಲ್ಲಿ ಬೆಂಕಿ ಬಿದ್ದು ಅನೇಕ ಅಂಗಡಿಗಳು ಸುಟ್ಟುಹೋದುವು. ವರ್ಷಗಟ್ಟಲೆ ಕೂಡಿಟ್ಟ ಬಂಡವಾಳ ಒಂದು ರಾತ್ರಿಯಲ್ಲಿ ಬೂದಿಯಾಗಬಹುದೆಂದ ಮೇಲೆ, ಹಳೆಯ ಮಾರುಕಟ್ಟೆಗಳ ತಂತಿ, ನೀರಿನ ಕೊಳವೆ, ಹೊರಹೋಗುವ ದಾರಿಗಳನ್ನು ಕಾಲಕಾಲಕ್ಕೆ ನೋಡಿಕೊಳ್ಳುವುದೂ ವ್ಯಾಪಾರದ ರಕ್ಷಣೆಯೇ ಅಲ್ಲವೆ?

ಇತ್ತೀಚಿನ ಪ್ರಯತ್ನಗಳಲ್ಲಿ ಚರ್ಚ್ ಸ್ಟ್ರೀಟಿನದು ಬೋಧಪ್ರದವಾಗಿದೆ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗಿನ ಈ ಬೀದಿ ಪುಸ್ತಕದಂಗಡಿಗಳಿಗೂ ಉಪಾಹಾರಗೃಹಗಳಿಗೂ ಹೆಸರಾದುದು. 2017ರಲ್ಲಿ ಇದನ್ನು ಅಗೆದು, ಕೊಳವೆ ತಂತಿಗಳನ್ನು ನೆಲದೊಳಗೆ ಸೇರಿಸಿ, ಮೇಲೆ ಕಲ್ಲುಹಾಸಿ, ಕಾಲುದಾರಿಯನ್ನು ಅಗಲಮಾಡಿದರು. 2018ರಲ್ಲಿ ಬೀದಿ ಮತ್ತೆ ತೆರೆಯಿತು. ಮಹಾಮಾರಿಯ ಪೆಟ್ಟಿನ ತರುವಾಯ, 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿ ವಾಹನಗಳನ್ನು ನಿಲ್ಲಿಸಿ, ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಟ್ಟರು. ನಡೆಯುವವನು ನಿಲ್ಲುತ್ತಾನೆ; ನಿಂತವನು ನೋಡುತ್ತಾನೆ; ನೋಡಿದವನು ಕೊಳ್ಳುತ್ತಾನೆ. ಗಾಡಿಯಲ್ಲಿ ಧಾವಿಸುವವನಿಗೆ ಅಂಗಡಿ ಕಂಡೀತು ಹೇಗೆ?

ಆದರೆ ಈ ಹೂವಿಗೆ ಮುಳ್ಳೂ ಉಂಟು. ಬೀದಿ ಅಗೆದಿರುವಷ್ಟು ದಿನವೂ ಗಿರಾಕಿ ಅತ್ತ ಸುಳಿಯನು. ಬಾಡಿಗೆ, ಆಳಿನ ಸಂಬಳ, ಸಾಲದ ಬಡ್ಡಿಗಳು ಮಾತ್ರ ನಿಲ್ಲವು. ದೊಡ್ಡ ಮಳಿಗೆಯವನು ಹೇಗೋ ತಡೆದಾನು, ಸಣ್ಣವನು ಕದವಿಕ್ಕಬೇಕಾದೀತು. ಆದುದರಿಂದ ವ್ಯಾಪಾರಿಗಳನ್ನು ಮೊದಲೇ ಕೇಳಿ, ಹಬ್ಬದ ದಿನಗಳನ್ನು ಬಿಟ್ಟು, ಬೀದಿಯನ್ನು ತುಂಡುತುಂಡಾಗಿ ಕೈಗೊಂಡು, ಹೇಳಿದ ದಿನಕ್ಕೆ ಮುಗಿಸುವುದೇ ನಿಜವಾದ ಉಪಕಾರ.

ಇನ್ನು ಮಳಿಗೆಯೇ ಇಲ್ಲದ ವ್ಯಾಪಾರಿಗಳ ಮಾತು. ಬುಟ್ಟಿ ಹೊತ್ತು ತರುವ ಹೂವಾಡಗಿತ್ತಿಯೂ ತಳ್ಳುಗಾಡಿಯವನೂ ಪೇಟೆಯ ಅಂಗವೇ. 2014ರ ಬೀದಿ ವ್ಯಾಪಾರಿಗಳ ಕಾನೂನಿನಂತೆ, ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಇವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರರಲ್ಲೊಂದು ಪಾಲು ಸ್ತ್ರೀಯರು. 2020ರಲ್ಲಿ ಕೇಂದ್ರ ಸರಕಾರವು ಇವರಿಗೆ ಒತ್ತೆಯಿಲ್ಲದೆ ಮೊದಲ ಸಲ 10,000 ರೂಪಾಯಿ ಸಾಲ ದೊರೆಯುವಂತೆ ಏರ್ಪಡಿಸಿತು. 2025ರಲ್ಲಿ ಅದು 15,000ಕ್ಕೇರಿತು. ಕ್ರಮವಾಗಿ ತೀರಿಸಿದವರಿಗೆ ಇನ್ನೂ ಹೆಚ್ಚಿನ ಸಾಲವುಂಟು. ಮೀಟರು ಬಡ್ಡಿಯ ಲೇವಾದೇವಿಗಾರನ ಹಿಡಿತದಿಂದ ಒಂದು ಕುಟುಂಬ ಪಾರಾಗುವುದಕ್ಕೆ ಇಷ್ಟು ಸಾಕಾದೀತು. ಆದರೆ ಯಾರು ಬೀದಿ ವ್ಯಾಪಾರಿಯೆಂದು ಗುರುತಿಸಿ ಪತ್ರ ಕೊಡಬೇಕಾದವರು ಸ್ಥಳೀಯ ಸಂಸ್ಥೆಯವರೇ. ಕಾನೂನು ಎಷ್ಟು ಒಳ್ಳೆಯದಾದರೂ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಅದರ ನೆರಳು ಸಿಗದು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಒಂದೇ ಮಹಾನಗರಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಬಂದುವು. ಆಡಳಿತ ಬೀದಿಗೆ ಹತ್ತಿರವಾದರೆ ಪೇಟೆಯವರ ಅಹವಾಲಿಗೆ ಕಿವಿಯೂ ಹತ್ತಿರವಾಗಬೇಕು.

ಗೃಹಸ್ಥರಾದ ನಮಗೂ ಇದರಲ್ಲಿ ಪಾಲಿಲ್ಲದೆ ಇಲ್ಲ. ಕಂದಾಯವನ್ನು ಸಕಾಲದಲ್ಲಿ ಸಲ್ಲಿಸೋಣ. ಅದು ಯಾವ ಚರಂಡಿಗೆ, ಯಾವ ದೀಪಕ್ಕೆ ಹೋಯಿತೆಂದು ಕೇಳೋಣ. ತಿಂಗಳಿಗೊಮ್ಮೆಯಾದರೂ ಮಕ್ಕಳ ಕೈಹಿಡಿದು ಪೇಟೆಗೆ ನಡೆದುಹೋಗೋಣ. ಗಿರಾಕಿಯ ಹೆಜ್ಜೆಯಿಲ್ಲದ ಬೀದಿಗೆ ಪೌರಸಭೆ ಎಷ್ಟು ಕಲ್ಲು ಹಾಸಿದರೇನು?