ತೋಟಕ್ಕೆ ಸೆನ್ಸರ್ ಹಾಕುವ ಉದ್ಯಮ: ಸಾಲಕ್ಕೆ ಮೊದಲು ಲೆಕ್ಕ



ಅಡಿಕೆ ತೋಟದ ನಡುವೆ ಒಂದು ಕಂಬ, ತುದಿಗೆ ಅಂಗೈ ಅಗಲದ ಸೋಲಾರ್ ಫಲಕ, ಕೆಳಗೆ ಒಂದು ಪೆಟ್ಟಿಗೆ. ಇಂಥದ್ದನ್ನು ಕೆಲವರು ಟಿ.ವಿ.ಯಲ್ಲೋ ಕೃಷಿಮೇಳದಲ್ಲೋ ನೋಡಿರಬಹುದು. ಅದೇ ಸೆನ್ಸರ್. ಮಣ್ಣಿನ ತೇವ, ಗಾಳಿಯ ತೇವಾಂಶ, ಮಳೆ, ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಅನ್ನೋದನ್ನೆಲ್ಲ ಅಳೆದು, ತಂತಿ ಇಲ್ಲದೆ ರೇಡಿಯೋ ಅಲೆಯ ಮೂಲಕ ಕಳಿಸುತ್ತದೆ. ಕೊನೆಗೆ ಮಾಹಿತಿ ನಮ್ಮ ಮೊಬೈಲಿಗೆ ಬರುತ್ತದೆ.

ನಾಳೆ ನಿಮ್ಮ ಮನೆಯ ಅಥವಾ ಪಕ್ಕದ ಮನೆಯ ಹುಡುಗಿ ಇಂಜಿನಿಯರಿಂಗ್ ಮುಗಿಸಿ ಬಂದು, "ಇದನ್ನೇ ಉದ್ಯೋಗ ಮಾಡೋಣ, ಸಂಘದಿಂದ ಸಾಲ ಕೊಡಿ" ಅಂತ ಕೇಳಿದರೆ ಏನು ಹೇಳಬೇಕು? ಬೇಡ ಅಂತ ತಳ್ಳಿಹಾಕುವುದು ಸರಿಯಲ್ಲ. ಲೆಕ್ಕ ನೋಡದೆ ಹೂಂ ಅನ್ನೋದೂ ಸರಿಯಲ್ಲ. ಸಂಘದ ಉಳಿತಾಯ ಅಂದರೆ ಇಪ್ಪತ್ತು ಮನೆಯ ದುಡ್ಡು. ಆದ್ದರಿಂದ ಈ ಸಲ ಇದರ ಲೆಕ್ಕವನ್ನು ಬಿಡಿಸಿ ನೋಡೋಣ.

ಮೊದಲು ಕೇಳಬೇಕಾದದ್ದು ಯಂತ್ರದ ಬೆಲೆಯನ್ನಲ್ಲ. ಹಣ ಕೊಡುವವರು ಯಾರು, ಯಾವುದಕ್ಕೆ ಕೊಡುತ್ತಾರೆ ಅನ್ನೋದನ್ನು. ನಮ್ಮ ರಾಜ್ಯದಲ್ಲೇ ಇದಕ್ಕೆ ಉದಾಹರಣೆ ಇದೆ. 2000ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಇ.ಪಿ.ಎಫ್.ಎಲ್. ಸಂಸ್ಥೆಯ ಜೊತೆ ಸೇರಿ, ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ತಂತಿರಹಿತ ಸೆನ್ಸರ್ ಜಾಲ ಹಾಕಿದ್ದರು. ಮಳೆ ನಂಬಿದ ಬಡ ರೈತರಿಗೆ ಯಾವ ಮಾಹಿತಿ ಬೇಕು ಅಂತ ಸಮೀಕ್ಷೆ ಮಾಡಿ, ಅದರ ಮೇಲೆ ಯಂತ್ರ ರೂಪಿಸಿದರು. ಈ ಕ್ರಮ ನಮಗೆ ತುಂಬಾ ಸರಿ ಅನ್ನಿಸುತ್ತದೆ. ಆದರೆ ಅದು ಸಂಶೋಧನೆ, ವ್ಯಾಪಾರವಲ್ಲ. ಉದ್ಯಮ ಮಾಡುವವರಿಗೆ ಯೋಜನೆಯ ಅನುದಾನ ಇರೋದಿಲ್ಲ, ಗಿರಾಕಿಯೇ ಕೊಡಬೇಕು.

2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸ್ಟೆಲ್ಲಾಪ್ಸ್ ಕಂಪನಿ ಹಾಲಿನ ಕ್ಷೇತ್ರಕ್ಕೆ ಸೆನ್ಸರ್ ತಂದಿತು. ಹಸುವಿನ ಕಾಲಿಗೆ ಕಟ್ಟುವ ಸಾಧನದ ಜೊತೆಗೆ, ಹಾಲು ಸಂಗ್ರಹಣಾ ಕೇಂದ್ರದಲ್ಲಿ ತೂಕ, ಗುಣಮಟ್ಟ ದಾಖಲಿಸುವ ವ್ಯವಸ್ಥೆಯನ್ನೂ ಮಾಡಿತು. ಎರಡು ಹಸು ಇರುವ ಮನೆಗೆ ಯಂತ್ರ ಮಾರುವುದಕ್ಕಿಂತ, ನೂರಾರು ಮನೆಯ ಹಾಲು ಬಂದು ಸೇರುವ ಜಾಗಕ್ಕೆ ಮಾರುವುದು ಸುಲಭ ಅಲ್ಲವೇ? ಅಲ್ಲಿ ಹಣ ಕೊಡೋದು ಡೈರಿ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಹಣ ಕೊಡುವಷ್ಟು ದೊಡ್ಡ ತೊಂದರೆ ಯಾವುದು? ಕೊಳೆರೋಗ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಮಳೆಗಾಲಕ್ಕೆ ಮೊದಲು ಶೇಕಡ 1ರ ಬೋರ್ಡೋ ದ್ರಾವಣ ಹೊಡೆದು, 40–45 ದಿನಕ್ಕೆ ಮತ್ತೆ ಹೊಡೆಯುವುದು ರೂಢಿ. ಆ ಎರಡನೇ ಸಿಂಪಡಣೆಗೆ ಬಿಡುವು ಸಿಗೋದೇ ಕಷ್ಟ. ಎಲೆ, ಕಾಯಿ ಎಷ್ಟು ದಿನದಿಂದ ಒದ್ದೆಯಾಗೇ ಇದೆ ಅಂತ ತಿಳಿದರೆ ಹೊಡೆಯುವ ದಿನ ನಿರ್ಧರಿಸಲು ಸಹಾಯ ಆಗುತ್ತದೆ. ಸೆನ್ಸರ್ ರೋಗ ವಾಸಿ ಮಾಡೋದಿಲ್ಲ. ಹಾಗೆ ಹೇಳಿ ಮಾರುವವರನ್ನು ನಂಬಬೇಡಿ.

ಇನ್ನೊಂದು ಮಾತು. ಬರೀ ಮಳೆಯ ಅಂಕಿಯನ್ನು ಮಾರುತ್ತೇವೆ ಅಂದರೆ ವ್ಯಾಪಾರ ಆಗದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಹಾಕಿದೆ. ವರುಣಮಿತ್ರ ಸಹಾಯವಾಣಿ ಮೂಲಕ ಹವಾಮಾನದ ಮಾಹಿತಿಯನ್ನೂ ಕೊಡುತ್ತಾ ಬಂದಿದೆ. ಪುಕ್ಕಟೆ ಸಿಗುವುದಕ್ಕೆ ಯಾರೂ ದುಡ್ಡು ಕೊಡೋದಿಲ್ಲ.

ಈಗ ಖರ್ಚಿಗೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕ ಕಲಿಯಲಿಕ್ಕೆ ನಾವು ಇಟ್ಟುಕೊಂಡವು, ಯಾವ ಕಂಪನಿಯ ದರವೂ ಅಲ್ಲ. 12 ಯಂತ್ರ, ಒಂದಕ್ಕೆ 20,000 ರೂ., ಒಟ್ಟು 2,40,000 ರೂ. ಕೈಯಿಂದ 40,000 ಹಾಕಿ, 2,00,000 ಸಾಲ ತೆಗೆದರು ಅಂತಿಟ್ಟುಕೊಳ್ಳಿ. ಯಂತ್ರ ನಾಲ್ಕು ವರ್ಷ ಬಾಳುತ್ತದೆ ಅಂದರೆ ವರ್ಷಕ್ಕೆ ಸವೆತ 60,000. ಸಿಮ್ ಮತ್ತು ಮಾಹಿತಿ ಇಡುವ ಶುಲ್ಕ ಯಂತ್ರಕ್ಕೆ ತಿಂಗಳಿಗೆ 150ರಂತೆ 21,600. ನೋಡಿಕೊಳ್ಳುವ ಹುಡುಗಿಗೆ ತಿಂಗಳಿಗೆ 3,000ದಂತೆ 36,000. ಬ್ಯಾಟರಿ, ರಿಪೇರಿ 18,000. ಓಡಾಟ 6,000. ಮೊದಲ ವರ್ಷದ ಬಡ್ಡಿ ಶೇಕಡ 12ರಂತೆ ಹೆಚ್ಚೆಂದರೆ 24,000. ಎಲ್ಲ ಸೇರಿ 1,65,600 ರೂಪಾಯಿ! ಒಂದು ಯಂತ್ರಕ್ಕೆ ವರ್ಷಕ್ಕೆ 13,800.

ಒಂದೆಕರೆ ತೋಟದವರು ಇಷ್ಟು ಕೊಡ್ತಾರಾ? ಕೊಡೋದಿಲ್ಲ. ಆದರೆ ಒಂದೇ ಕಣಿವೆಯ ಆರು ಮನೆಯವರು ಒಂದು ಯಂತ್ರ ಹಂಚಿಕೊಂಡರೆ ಮನೆಗೆ 2,300 ಬೀಳುತ್ತದೆ. ಗಾಳಿಯ ತೇವ, ಎಲೆಯ ಒದ್ದೆ ಅಕ್ಕಪಕ್ಕದ ತೋಟಗಳಲ್ಲಿ ಹೆಚ್ಚುಕಡಿಮೆ ಒಂದೇ ಥರ, ಹಾಗಾಗಿ ಹಂಚಿಕೊಳ್ಳಬಹುದು. ಮಣ್ಣಿನ ತೇವ ಹಾಗಲ್ಲ. ದಿಬ್ಬದ ಮೇಲೊಂದು, ತಗ್ಗಿನಲ್ಲೊಂದು. ಅದಕ್ಕೆ ಪ್ರತಿ ತೋಟಕ್ಕೂ ಬೇರೆ ಬೇಕು. ಯಾವುದನ್ನು ಮಾರುತ್ತೇವೆ ಅನ್ನೋದರ ಮೇಲೆ ಇಡೀ ಲೆಕ್ಕ ಬದಲಾಗುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ.

72 ಮನೆ ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಎರಡನೇ ವರ್ಷ 20 ಮನೆಯವರು ಬೇಡ ಅಂದರೆ 46,000 ರೂಪಾಯಿ ಕಡಿಮೆ ಬರುತ್ತದೆ, ಖರ್ಚು ಮಾತ್ರ ಹೆಚ್ಚೇನೂ ಇಳಿಯೋದಿಲ್ಲ. ಹಾಗಾಗಿ ಸಾಲ ಕೇಳುವವರ ಯೋಜನೆಯಲ್ಲಿ "ಎಲ್ಲರೂ ಸೇರಿದರೆ" ಎಂಬ ಒಂದೇ ಲೆಕ್ಕ ಇದ್ದರೆ, ಅರ್ಧ ಜನ ಸೇರಿದರೆ ಏನು ಅಂತ ಇನ್ನೊಂದು ಲೆಕ್ಕ ಬರೆಸಿ.

ಸವೆತದ ಹಣದ ವಿಷಯ ಬಹಳ ಜನ ಮರೀತಾರೆ. ಮೇಲಿನ ಲೆಕ್ಕದಲ್ಲಿ ನಾಲ್ಕು ವರ್ಷದಲ್ಲಿ 2,40,000 ವಾಪಸ್ ಬರುತ್ತದೆ, ನಿಜ. ಅದರಲ್ಲಿ ಎರಡು ಲಕ್ಷ ಬ್ಯಾಂಕಿಗೆ ಹೋಗುತ್ತದೆ, 40,000 ಕೈಗೆ ಬರುತ್ತದೆ. ಹೊಸ ಯಂತ್ರಕ್ಕೆ ಮತ್ತೆ ಸಾಲವೇ ಗತಿ. ಅದರ ಬದಲು ಮನೆಗೆ 2,500 ಇಟ್ಟರೆ 72 ಮನೆಯಿಂದ ವರ್ಷಕ್ಕೆ 14,400 ಉಳಿಯುತ್ತದೆ. ಅದನ್ನು ಬೇರೆ ಖಾತೆಯಲ್ಲಿ ಇಡಬೇಕು, ಹಬ್ಬಕ್ಕೆ ತೆಗೆಯಬಾರದು.

ಮಲೆನಾಡಿನ ಖರ್ಚು ಬಯಲುಸೀಮೆಯ ಖರ್ಚಿನ ಹಾಗಲ್ಲ. ದಟ್ಟ ಮರ, ಒದ್ದೆ ಎಲೆ, ನಡುವೆ ಗುಡ್ಡ ಇದ್ದರೆ ರೇಡಿಯೋ ಅಲೆ ಕುಗ್ಗುತ್ತದೆ. ಬಯಲಿನಲ್ಲಿ ಕಿಲೋಮೀಟರುಗಟ್ಟಲೆ ಹೋಗುವ ಸಂಕೇತ ಇಲ್ಲಿ ಅಷ್ಟು ದೂರ ಹೋಗೋದಿಲ್ಲ. ನಡುವೆ ಹೆಚ್ಚು ಪೆಟ್ಟಿಗೆ ಬೇಕಾದೀತು. ಜೂನ್–ಆಗಸ್ಟಿನಲ್ಲಿ ಬಿಸಿಲು ಕಾಣದೆ ಸೋಲಾರ್ ಬ್ಯಾಟರಿ ತುಂಬೋದಿಲ್ಲ. ಸಿಡಿಲಿದೆ, ಇರುವೆ ಗೂಡು ಕಟ್ಟುತ್ತದೆ, ಮಂಗ ಬರುತ್ತದೆ. ಮಾಹಿತಿ ಹೆಚ್ಚು ಬೇಕಾದ ತಿಂಗಳಲ್ಲೇ ಯಂತ್ರ ಕೈಕೊಡುವ ಸಾಧ್ಯತೆಯೂ ಹೆಚ್ಚು. ಅದಕ್ಕೇ ಹನ್ನೆರಡನ್ನೂ ಒಮ್ಮೆಗೇ ಕೊಳ್ಳದೆ, ಎರಡು ಯಂತ್ರವನ್ನು ಒಂದು ಪೂರ್ತಿ ಮಳೆಗಾಲ ಇಟ್ಟು ನೋಡಿ ಎಂಬುದು ನಮ್ಮ ಸಲಹೆ. ಬೇಸಿಗೆಯಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ಗೊತ್ತಾಗೋದಿಲ್ಲ.

ಹಣ ಬರುವ ತಿಂಗಳು, ಹೋಗುವ ತಿಂಗಳು ಎರಡನ್ನೂ ಬರೆದುಕೊಳ್ಳಿ. ಒಂದು ಹಾಳೆಯಲ್ಲಿ ಹನ್ನೆರಡು ಮನೆ ಗೀಚಿ, ಪ್ರತಿ ತಿಂಗಳಿಗೆ ಬಂದದ್ದು, ಹೋದದ್ದು, ಉಳಿದದ್ದು ಬರೆದರೆ ಸಾಕು, ಕಂಪ್ಯೂಟರ್ ಬೇಡ. ಅಡಿಕೆ, ಕಾಫಿ ಕೊಯ್ಲಿನ ದುಡ್ಡು ಓಡಾಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚಿವರೆಗೆ. ವರ್ಷದ ಶುಲ್ಕ ಆಗಲೇ ತೆಗೆದುಕೊಳ್ಳಬೇಕು. ಜುಲೈಯಲ್ಲಿ ಕೇಳಲು ಹೋದರೆ ಯಾರ ಕೈಯಲ್ಲೂ ಇರೋದಿಲ್ಲ, ಆದರೆ ಬ್ಯಾಂಕಿನ ಕಂತು ಜುಲೈಯಲ್ಲೂ ಬರುತ್ತದೆ. ಕೊನೇಪಕ್ಷ ಮೂರು ಕಂತಿನ ಹಣ ಖಾತೆಯಲ್ಲಿ ಇಟ್ಟುಕೊಂಡೇ ಮಳೆಗಾಲಕ್ಕೆ ಇಳಿಯಬೇಕು.

ಸಬ್ಸಿಡಿಯನ್ನು ಕೈಯಲ್ಲಿರುವ ಹಣ ಅಂತ ಎಣಿಸಬೇಡಿ. ಪಿ.ಎಂ.ಇ.ಜಿ.ಪಿ. ಯೋಜನೆಯ 2022ರ ನಿಯಮದಲ್ಲಿ ಗ್ರಾಮೀಣ ಮಹಿಳೆಗೆ ಶೇಕಡ 35 ಸಬ್ಸಿಡಿ ಇತ್ತು, ಆದರೆ ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುವಂಥದ್ದು. ಈಗಿನ ನಿಯಮ ಏನು ಅಂತ ಅರ್ಜಿಗೆ ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ.

ಕೊನೆಯದಾಗಿ ಸಾಲ ಯಾರ ಹೆಸರಿನಲ್ಲಿ ಅನ್ನೋ ವಿಷಯ. ಸಂಘದ ಹೆಸರಲ್ಲಿ ತೆಗೆದರೆ ಬಾಕಿಯಾದಾಗ ಎಲ್ಲ ಸದಸ್ಯರಿಗೂ ಮುಂದಿನ ಸಾಲ ಕಷ್ಟ ಆಗುತ್ತದೆ. ಆ ಹುಡುಗಿ ಉದ್ಯಮ್ ನೋಂದಣಿ ಮಾಡಿಸಿಕೊಂಡು (ಇದು ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ) ತನ್ನ ಹೆಸರಲ್ಲಿ ಮುದ್ರಾ ಸಾಲಕ್ಕೆ ಹೋಗಲಿ. ಸಂಘವು ಬೇಕಾದರೆ ಆ ಎರಡು ಯಂತ್ರದ ಪರೀಕ್ಷೆಗೆ ಮಾತ್ರ ಆಂತರಿಕ ಸಾಲ ಕೊಡಬಹುದು. ನಿರ್ಣಯ ಪುಸ್ತಕದಲ್ಲಿ ಮೊತ್ತ, ಬಡ್ಡಿ, ಕಂತಿನ ತಿಂಗಳು ಬರೆದು, ಎಲ್ಲರ ಸಹಿ ತೆಗೆದುಕೊಂಡ ಮೇಲೆ.